ಜಲ್ಲಿ ಹಾದಿಯ ಕಿತ್ತಳೆ ಕೋಟು

ಪೆನ್ಸಿಲು ಚೂಪಾಗಿದ್ದದ್ದೇ ತಪ್ಪಾಯಿತು. ಮೊಂಡಾಗಿದ್ದರೆ ನಕ್ಷೆ ಮೇಷ್ಟ್ರು ಆ ಗೆರೆಯನ್ನು ಎಳೆಯುತ್ತಿರಲಿಲ್ಲ. ಎಳೆಯದಿದ್ದರೆ ಅವರ ಸೊಂಟ ಇವತ್ತಿಗೂ ಅವರ ಮಾತು ಕೇಳುತ್ತಿತ್ತು.

ಮೇಷ್ಟ್ರು ಎಂದರೆ ಯಾರಿಗೂ ಪಾಠ ಹೇಳಿದವರಲ್ಲ. ಪ್ರವಾಸಿ ಕಚೇರಿಯಲ್ಲಿ ನಕ್ಷೆ ಬರೆಯುವವರು. ಕೂತಲ್ಲಿಂದಲೇ ಊರಿಗೆಲ್ಲ ದಾರಿ ತೋರಿಸುತ್ತಾರೆಂದು ಜೊತೆಯವರು ಆ ಹೆಸರಿಟ್ಟಿದ್ದರು. ಅವರ ಮೇಜು ಜೆರಾಕ್ಸ್ ಯಂತ್ರದ ಪಕ್ಕದಲ್ಲಿತ್ತು. ಯಂತ್ರ ಬಿಸಿ ಉಸಿರು ಬಿಡುತ್ತಿದ್ದದ್ದು ಅವರ ಕತ್ತಿನ ಮೇಲೆ, ಬಂದವರು ಚಹಾದ ಲೋಟ ಇಡುತ್ತಿದ್ದದ್ದು ಅವರ ನಕ್ಷೆಯ ಮೇಲೆ. ಕೆರೆಯೇ ಇಲ್ಲದ ಕಡೆ ಎರಡು ದುಂಡನೆಯ ಕೆರೆಗಳು ಅಚ್ಚಾಗಿ ಹೋದದ್ದು ಹೀಗೆಯೇ. ಹಾಗಾಗಿ ಅವರಿಗಿದ್ದ ಆಸೆ ಒಂದೇ, ಕಿಟಕಿಯ ಪಕ್ಕದ ಕುರ್ಚಿ. ಅದರಲ್ಲಿ ಕೂರುತ್ತಿದ್ದ ಹಿರಿಯ ಗುಮಾಸ್ತರು ಆ ವಾರ ನಿವೃತ್ತರಾಗುವವರಿದ್ದರು.

ಅಂಥ ಹೊತ್ತಿನಲ್ಲಿ ಕಚೇರಿಯ ಮುಖ್ಯಸ್ಥೆ ಮೇಡಂ ಒಂದು ಮಾತು ಹೇಳಿದರು. ಜಲ್ಲಿ ಹಾದಿಯಲ್ಲಿ ಸೈಕಲ್ ಹೊಡೆಯುವ ಹುಚ್ಚು ಈಗ ಎಲ್ಲೆಡೆ ಹಬ್ಬಿದೆ, ಗುಡ್ಡದ ದ್ರಾಕ್ಷಿ ತೋಟಗಳ ನಡುವೆ ಕಾರು ಲಾರಿಗಳ ಕಾಟವಿಲ್ಲದ ಒಂದು ದಾರಿ ಬೇಕು, ಮಾಡಿಕೊಟ್ಟವರಿಗೆ ಕಿಟಕಿಯ ಕುರ್ಚಿ. ಮೇಷ್ಟ್ರು ಎದ್ದೇಳಲೂ ಇಲ್ಲ. ನಕ್ಷೆಯಲ್ಲಿ ರಸ್ತೆಯೇ ಇಲ್ಲದ ಕಡೆ ವಾಹನ ಎಲ್ಲಿಂದ ಬರಬೇಕು ಎಂಬ ಲೆಕ್ಕಾಚಾರದಲ್ಲಿ ಸ್ಕೇಲಿಟ್ಟು ಗೆರೆ ಎಳೆದೇಬಿಟ್ಟರು. ಮೇಡಂ ಮೆಚ್ಚಿದರು. ತೋಟದವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸೈಕಲ್‌ನವರು ಹಣ್ಣು ಕೀಳುತ್ತಾರೆ, ಧೂಳೆಬ್ಬಿಸುತ್ತಾರೆ, ನಾಯಿಗಳ ನಿದ್ದೆ ಕೆಡಿಸುತ್ತಾರೆ ಎಂದು ಅವರ ತಕರಾರು. ಮರುದಿನ ಸಂಜೆ ವೈನ್ ಉಗ್ರಾಣದಲ್ಲಿ ಸಭೆ ಸೇರಿ ಒಕ್ಕೊರಲಿನಿಂದ ಬೇಡವೆನ್ನುವುದೆಂದು ಅವರೊಳಗೇ ಮಾತಾಗಿತ್ತು.

ಸಭೆಯ ದಿನ ಬೆಳಗ್ಗೆ ಮೇಡಂ ಮೇಷ್ಟ್ರನ್ನು ಕರೆದರು. "ನೀವೇ ಒಂದ್ಸಲ ಆ ದಾರೀಲಿ ಸೈಕಲ್ ಹೊಡ್ಕೊಂಡು ಬನ್ನಿ. ಒಬ್ಬ ಸೈಕಲ್‌ನವನಿಂದ ಏನೂ ತೊಂದರೆ ಇಲ್ಲ ಅಂತ ಅವರ ಕಣ್ಣಿಗೇ ಕಾಣ್ಲಿ. ಸಂಜೆ ಅವರು ಒಪ್ಪಿದ್ರೆ ಕುರ್ಚಿ ನಿಮ್ದು."

ಮೇಷ್ಟ್ರು ಸೈಕಲ್ ಹತ್ತಿದ್ದು ಶಾಲೆಗೆ ಹೋಗುವಾಗ, ಅದೂ ಹಿಂದಿನ ಸೀಟಿನಲ್ಲಿ. ಬ್ಯಾಲೆನ್ಸ್ ಏನೋ ಆಮೇಲೆ ಕಲಿತಿದ್ದರು, ಅಷ್ಟೇ. ನೆರವಿಗೆ ಬಂದವನು ಷಡ್ಡಕ. ಅವನು ಬಲು ಎತ್ತರದ ಮನುಷ್ಯ, ಸೈಕಲ್ ಎಂದರೆ ಪ್ರಾಣ. ತನ್ನ ದಪ್ಪ ಚಕ್ರದ ಸೈಕಲ್ ಕೊಟ್ಟು, ಅದರ ಒಂದೊಂದು ಅಂಗವನ್ನೂ ವರ್ಣಿಸಿ, ಕೊನೆಗೆ ತನ್ನ ಕಿತ್ತಳೆ ಬಣ್ಣದ ಕೋಟನ್ನೂ ತೊಡಿಸಿದ. ದೂರದಿಂದಲೇ ಕಾಣುತ್ತೆ, ಯಾರೂ ಬಂದು ಗುದ್ದುವುದಿಲ್ಲ ಎಂದ. ಗುದ್ದಲು ಅಲ್ಲಿ ವಾಹನವೇ ಇಲ್ಲವಲ್ಲ ಎಂದು ಮೇಷ್ಟ್ರಿಗೆ ಹೊಳೆದದ್ದು ತಡವಾಗಿ. ಕೋಟು ಅವರಿಗೆ ಮೊಣಕಾಲಿನವರೆಗೆ ಬಂತು. ಹೆಂಡತಿ ಕೋಟಿನ ತೋಳು ಮಡಚಿಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ನಗು ತಡೆದುಕೊಂಡು, ಮೆಲ್ಲಗೆ ಹೋಗಿಬನ್ನಿ ಎಂದಳು.

ಡಾಂಬರು ಮುಗಿದು ಜಲ್ಲಿ ಶುರುವಾದ ಕಡೆಯೇ ಮೇಷ್ಟ್ರಿಗೆ ಒಂದು ಸತ್ಯ ತಿಳಿಯಿತು. ಕಾಗದದ ಮೇಲೆ ಗುಡ್ಡ ಚಪ್ಪಟೆಯಾಗಿರುತ್ತದೆ, ನೆಲದ ಮೇಲೆ ಹಾಗಿರುವುದಿಲ್ಲ. ಹತ್ತುವಾಗ ಸೈಕಲನ್ನು ಅವರು ತಳ್ಳಿದರು, ಇಳಿಯುವಾಗ ಅವರನ್ನು ಸೈಕಲ್ ತಳ್ಳಿತು. ಕೋಟಿನೊಳಗೆ ಗಾಳಿ ತುಂಬಿ ಪಟಪಟ ಬಡಿಯತೊಡಗಿತು. ಬ್ರೇಕು ಹಿಡಿದರೆ, ಅದರ ಸಂದಿನಲ್ಲಿ ಹರಳು ಸಿಕ್ಕಿ ಕಿರ್ರೆಂದು ಚೀರಿತು. ಜೀವ ಬಾಯಿಗೆ ಬಂದ ಮೇಷ್ಟ್ರು ಅದಕ್ಕಿಂತ ಜೋರಾಗಿ ಚೀರಿದರು. ಎರಡೂ ಬದಿಯ ಬಳ್ಳಿಗಳಿಂದ ಹಕ್ಕಿಗಳ ದೊಡ್ಡ ಹಿಂಡು ಭರ್ರೆಂದು ಎದ್ದು, ಹೊಳೆ ದಾಟಿ ಆಚೆ ಗುಡ್ಡಕ್ಕೆ ಹಾರಿತು. ಅದನ್ನು ನೋಡುವ ಭಾಗ್ಯ ಮೇಷ್ಟ್ರಿಗಿರಲಿಲ್ಲ, ಅವರ ಎರಡು ಕಣ್ಣೂ ಮುಚ್ಚಿದ್ದವು.

ಕಣ್ಣು ಬಿಟ್ಟಾಗ ಖಾಲಿ ಬುಟ್ಟಿಗಳ ರಾಶಿಯಲ್ಲಿ ಬಿದ್ದಿದ್ದರು. ಎದುರಿಗೆ ಕೈಯಲ್ಲಿ ಕತ್ತರಿ ಹಿಡಿದ ಅಜ್ಜಿಯೊಬ್ಬಳು. ಆ ತೋಟದ ಒಡತಿ, ಬೇಡವೆನ್ನುವವರ ಗುಂಪಿಗೆ ಅವಳೇ ಮುಖ್ಯಸ್ಥೆ. ಮೇಷ್ಟ್ರು ತಡವರಿಸುತ್ತ ಕ್ಷಮೆ ಕೇಳಿದರು. ಅಜ್ಜಿ ಅವರನ್ನು ನೋಡಲೇ ಇಲ್ಲ, ಆಕಾಶ ನೋಡುತ್ತಿದ್ದಳು.

"ಇನ್ನೊಂದ್ಸಲ ಬನ್ನಿ ನೋಡೋಣ," ಎಂದಳು.

ಪರೀಕ್ಷೆ ಎಂದರೆ ಪರೀಕ್ಷೆ. ಮೇಷ್ಟ್ರು ಸೈಕಲ್ ತಳ್ಳಿಕೊಂಡು ಮೇಲೆ ಹೋಗಿ ಮತ್ತೆ ಚೀರುತ್ತ ಇಳಿದರು. ಈ ಸಲ ಬುಟ್ಟಿ ತಪ್ಪಿ ಬೇಲಿ ಸಿಕ್ಕಿತು. ಅಜ್ಜಿ ತಲೆಯಾಡಿಸಿ, ಆಚೆ ತಿರುಗಿ, ಫೋನಿನಲ್ಲಿ ಯಾರಿಗೋ ಏನೋ ಪಿಸುಗುಟ್ಟಿದಳು. ಮೇಷ್ಟ್ರಿಗೆ ಕೇಳಿಸಿದ್ದು "ಹೌದು, ಕಿತ್ತಳೆ ಬಣ್ಣ" ಎಂಬುದಷ್ಟೇ. ಸೈಕಲ್ ಎತ್ತಿಕೊಂಡು ಬೇಗಬೇಗ ಮುಂದೆ ಹೊರಟರು.

ಮುಂದಿನ ತೋಟದ ಗೇಟಿನಲ್ಲಿ ಗಡ್ಡದವನೊಬ್ಬ ನಾಯಿ ಸಮೇತ ಕಾಯುತ್ತಿದ್ದ. ಬಂದದ್ದೇ ಬಂದಿರಿ, ಕೆಳಗಿನ ಸಾಲಿಗೂ ಒಂದು ಸುತ್ತು ಹಾಕಿ ಎಂದ. ನಾಯಿ ಬೆನ್ನಟ್ಟಿತು. ಮೇಷ್ಟ್ರು ಕೂಗಿದ ಕೂಗು ಗುಡ್ಡಕ್ಕೆ ಬಡಿದು ವಾಪಸ್ಸು ಬಂತು. ಗಡ್ಡದವನು ನಾಯಿಯನ್ನು ಗದರುವುದಿರಲಿ, ಅದರ ತಲೆ ಸವರಿ ಬಿಸ್ಕತ್ತು ಕೊಟ್ಟ. ಅದರ ಮುಂದಿನವನು ಎರಡು ಸುತ್ತು ಹಾಕಿಸಿದ. ಮಧ್ಯಾಹ್ನದ ಹೊತ್ತಿಗೆ ದಾರಿಯುದ್ದಕ್ಕೂ ತೋಟದವರು ಕೈಕಟ್ಟಿ ನಿಂತಿದ್ದರು. ಚೆನ್ನಾಗಿ ಸುಸ್ತು ಮಾಡಿಸಿ ಆಮೇಲೆ ಹೊಡೆಯುತ್ತಾರೆಂದು ಮೇಷ್ಟ್ರಿಗೆ ಖಾತ್ರಿಯಾಯಿತು.

ಪಾಪ, ಒಬ್ಬ ಟ್ರ್ಯಾಕ್ಟರಿನವನಿಗೆ ಕರುಣೆ ಬಂದು, ಹತ್ತಿ ಸಾರ್, ಬಿಡುತ್ತೇನೆ ಎಂದ. ಮೇಷ್ಟ್ರು ಒಂದು ಕಾಲು ಎತ್ತಿದ್ದೂ ಆಗಿತ್ತು. ಅಷ್ಟರಲ್ಲಿ ಹಿಂದೆಯೇ ನಡೆದುಬಂದಿದ್ದ ಅಜ್ಜಿ, "ಬೇಡ, ಅವರು ಸೈಕಲಲ್ಲೇ ಬರ್ತಾರೆ" ಎಂದಳು. ಬ್ರೇಕಿನ ಹರಳನ್ನಾದರೂ ತೆಗೆಯೋಣವೆಂದು ಕರವಸ್ತ್ರ ಹಿಡಿದು ಕೂತರೆ, ಅದನ್ನೂ ಕೈಯಿಂದ ಕಸಿದುಕೊಂಡು ಬದಲಿಗೆ ಒಂದು ಗೊಂಚಲು ದ್ರಾಕ್ಷಿ ಇಟ್ಟಳು. ಹಣ್ಣು ಕೀಳುವವರೆಂದು ದೂರಿದವಳೇ ಹಣ್ಣು ಕೊಟ್ಟಳೆಂದ ಮೇಲೆ ಇದು ಕಡೆಯ ಊಟವೇ ಇರಬೇಕೆಂದು ಮೇಷ್ಟ್ರಿಗೆ ಅನ್ನಿಸಿತು. ಆದರೂ ತಿಂದರು. ಬಹಳ ಸಿಹಿಯಾಗಿತ್ತು.

ಸಂಜೆ ಹಣ್ಣುಗಾಯಿ ನೀರುಗಾಯಿಯಾಗಿ ಉಗ್ರಾಣ ತಲುಪಿದರು. ಪೀಪಾಯಿಗಳ ನಡುವೆ ಮೇಡಂ ಕೂತಿದ್ದರು, ಸುತ್ತ ತೋಟದವರು. ಯಾರೋ ಸ್ಟೂಲು ಕೊಟ್ಟರು. ಸೈಕಲ್ ಸೀಟಿನ ಕೃಪೆಯಿಂದ ಕೂರುವ ಸ್ಥಿತಿಯಲ್ಲಿಲ್ಲದ ಮೇಷ್ಟ್ರು ನಿಂತೇ ಮಾತಾಡುತ್ತೇನೆಂದರು. ಇಷ್ಟೆಲ್ಲ ಪಾಡು ಪಟ್ಟು ಈಗ ಬಿಡುವುದುಂಟೇ? ಕಣ್ಣ ಮುಂದೆ ಕಿಟಕಿ ಬಂತು. ಧೈರ್ಯ ತಂದುಕೊಂಡರು.

"ನಮ್ಮ ಸೈಕಲ್‌ನವರು ಬಂದು ಹೋಗಿದ್ದೇ ನಿಮಗೆ ಗೊತ್ತಾಗಲ್ಲ. ಸದ್ದಿಲ್ಲ, ಗಲಾಟೆ ಇಲ್ಲ. ಬಳ್ಳಿ ಮೇಲೆ ಕೂತ ಒಂದು ಹಕ್ಕಿ ಕೂಡ ಅಲ್ಲಾಡಲ್ಲ."

ತೋಟದವರ ಮುಖ ಒಮ್ಮೆಲೇ ಹುಳ್ಳಗಾಯಿತು. ಅಜ್ಜಿ ಎದ್ದು ನಿಂತಳು. "ಹಾಗಾದ್ರೆ ಈ ದಾರಿ ನಮಗೆ ಬೇಡ."

ಆಮೇಲೆ ವಿಷಯ ಹೊರಬಂತು. ಹಣ್ಣು ಮಾಗುವ ಕಾಲಕ್ಕೆ ಪ್ರತಿವರ್ಷವೂ ಅರ್ಧ ಬೆಳೆ ಹಕ್ಕಿಗಳ ಪಾಲು. ಬಲೆ ಕಟ್ಟಿದರು, ತಗಡು ಬಡಿದರು. ಬೆದರುಬೊಂಬೆ ನಿಲ್ಲಿಸಿದರೆ ಹಕ್ಕಿಗಳು ಅದರ ತಲೆಯ ಮೇಲೇ ಕೂತು ಹಣ್ಣು ತಿಂದವು. ಇವತ್ತು ಈ ಮಹಾನುಭಾವರು ಬಂದುಹೋದ ಮೇಲೆ ಇಡೀ ಗುಡ್ಡದಲ್ಲಿ ಒಂದೇ ಒಂದು ಹಕ್ಕಿಯಿಲ್ಲ. ಆದ್ದರಿಂದ ದಾರಿಗೆ ಎಲ್ಲರ ಒಪ್ಪಿಗೆ ಇದೆ, ಆದರೆ ಕೊಯ್ಲು ಮುಗಿಯುವವರೆಗೆ ಬೆಳಗ್ಗೆ ಸಂಜೆ ಇವರೇ ಬರಬೇಕು, ಅದೇ ಕೋಟು ಹಾಕಬೇಕು, ಬ್ರೇಕಿಗೆ ಯಾರೂ ಕೈ ಹಚ್ಚಬಾರದು.

"ಆ ಕೂಗೂ ಇರ್ಲಿ," ಎಂದು ಗಡ್ಡದವನು ಸೇರಿಸಿದ. "ಅದೇ ಮುಖ್ಯ."

ಮೇಡಂ ತಕ್ಷಣ ಒಪ್ಪಿದರು. ಕುರ್ಚಿ ಮೇಷ್ಟ್ರದೇ, ಕೊಯ್ಲು ಮುಗಿದ ಮೇಲೆ ಬಂದು ಕೂರಬಹುದು ಎಂದರು. ಮೇಷ್ಟ್ರು ಒಳಗೊಳಗೇ ಸಮಾಧಾನ ಮಾಡಿಕೊಂಡರು. ಕೊಯ್ಲಿಗೆ ಇನ್ನೆಷ್ಟು ದಿನ? ಹಕ್ಕಿಗಳೂ ಇನ್ನು ಈ ಕಡೆ ತಲೆ ಹಾಕಲಿಕ್ಕಿಲ್ಲ. ಖಾಲಿ ತೋಟದಲ್ಲಿ ಸೈಕಲ್ ತಳ್ಳಿಕೊಂಡು ಆರಾಮಾಗಿ ನಡೆದರಾಯಿತು.

ಅಷ್ಟರಲ್ಲಿ ಬಾಗಿಲು ದಡಕ್ಕನೆ ತೆರೆದು ಹೊಳೆಯಾಚೆಯ ತೋಟದವರು ನುಗ್ಗಿದರು. ಬೆಳಗ್ಗೆಯಿಂದ ಈ ಗುಡ್ಡದ ಹಕ್ಕಿಗಳೆಲ್ಲ ತಮ್ಮ ತೋಟಕ್ಕೆ ಇಳಿದಿವೆ, ಇದಕ್ಕೆ ಯಾರು ಹೊಣೆ ಎಂದು ಕೂಗಾಡಿದರು. ಎಲ್ಲರ ಕಣ್ಣೂ ಕಿತ್ತಳೆ ಕೋಟಿನ ಕಡೆ ತಿರುಗಿತು. ಅಜ್ಜಿ ಅವರಿಗೆಲ್ಲ ಸಾವಧಾನವಾಗಿ ವಿವರಿಸಿದಳು. ಕೋಪ ಇಳಿದು ಅವರೂ ಕೈಮುಗಿದರು, ನಮಗೂ ಇವರನ್ನು ಕಳಿಸಿಕೊಡಿ ಎಂದರು.

ಮೇಷ್ಟ್ರು ಎರಡೂ ಕೈ ಅಡ್ಡ ಹಿಡಿದರು. "ಆಗಲ್ಲ. ಆ ಕಡೆ ಹೋಗೋಕೆ ದಾರಿ ಇಲ್ಲ. ನಕ್ಷೇಲಿ ಅಲ್ಲೊಂದು ಕೆರೆ ಇದೆ."

"ಅದು ಚಹಾ ಲೋಟದ ಗುರುತು ಅಂತ ನೀವೇ ದೂರು ಕೊಟ್ಟಿದ್ರಲ್ಲ," ಎಂದರು ಮೇಡಂ. ಬಂದವರು, ಸೇತುವೆ ಇಲ್ಲದಿದ್ದರೆ ನಾವು ಹೇಗೆ ಬಂದೆವು ಎಂದರು. ಮೇಡಂ ಮೇಷ್ಟ್ರ ಜೇಬಿನಿಂದಲೇ ಪೆನ್ಸಿಲು ತೆಗೆದು, ನಕ್ಷೆಯ ಗೆರೆಯನ್ನು ಹೊಳೆ ದಾಟಿಸಿ, ಆಚೆ ಗುಡ್ಡ ಸುತ್ತಿಸಿ, ಹೊರಟಲ್ಲಿಗೇ ತಂದು ಸೇರಿಸಿದರು. ಪೆನ್ಸಿಲು ಇನ್ನೂ ಚೂಪಾಗಿಯೇ ಇತ್ತು. ಆಚೆಯಿಂದ ಓಡಿಸಿದ ಹಕ್ಕಿ ಈಚೆಗೆ ಬರುತ್ತದೆ, ಈಚೆಯಿಂದ ಓಡಿಸಿದ್ದು ಆಚೆಗೆ ಹೋಗುತ್ತದೆ ಎಂಬುದು ಆ ಸಭೆಯಲ್ಲಿ ಹೊಳೆದದ್ದು ಮೇಷ್ಟ್ರೊಬ್ಬರಿಗೇ. ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಬೆಳಗ್ಗೆಯಿಂದ ಅವಳಿಗೂ ಅದೇ ಚಿಂತೆ.

"ಕುರ್ಚಿ ಸಿಕ್ತಾ?"

"ಸಿಕ್ತು," ಎಂದರು ಮೇಷ್ಟ್ರು, ಗೋಡೆ ಹಿಡಿದುಕೊಂಡು.

ಅವಳ ಮುಖ ಅರಳಿತು. ಮನೆಯಲ್ಲಿದ್ದ ಒಳ್ಳೆಯ ಕುರ್ಚಿಯನ್ನೇ ಎಳೆದು, ಧೂಳು ಒರೆಸಿ, "ಬನ್ನಿ, ಕೂತ್ಕೊಂಡು ಎಲ್ಲಾ ಹೇಳಿ" ಎಂದಳು.

ಮೇಷ್ಟ್ರು ಆ ಕುರ್ಚಿಯನ್ನು ಬಹಳ ಹೊತ್ತು ಅಕ್ಕರೆಯಿಂದ ನೋಡಿದರು. ಆಮೇಲೆ ನಿಂತುಕೊಂಡೇ ಊಟ ಮಾಡಿದರು.