ಎಡಗಡೆ ಸೀಟಿನ ಮಿಸ್ಸಿಂಗ್

"ಇನ್ನ ಮ್ಯಾಲೆ ಈ ಗಾಡಿಗೆ ಗ್ಯಾರೇಜಿನ ಮುಖ ತೋರಸಂಗಿಲ್ಲ. ಇದರ ನಾಡಿ ನನಗ ಗೊತ್ತೈತಿ."

ಕಬ್ಬೂರಿನ ಧರೆಪ್ಪ ಯುಗಾದಿಯ ಮರುದಿನ ಹೆಂಡತಿ ರುಕ್ಮವ್ವನ ಎದುರು ಹೀಗೆ ಘೋಷಿಸಿದ. ಗಾಡಿ ಎಂದರೆ ಇಪ್ಪತ್ತೈದು ವರ್ಷದ ಹಳೆಯ ಪೆಟ್ರೋಲ್ ವ್ಯಾನು. ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇರುವಂಥದ್ದು. ಕಬ್ಬಿನ ಬೀಜದಿಂದ ಹಿಡಿದು ಬೀಗರವರೆಗೆ ಅದು ಹೊರದ ವಸ್ತುವಿಲ್ಲ. ಅವತ್ತು ಧರೆಪ್ಪ ಸೀಟು ಎತ್ತಿ, ಎಂಜಿನ್ನು ತೊಳೆದು, ಒರೆಸಿ, ಸಂಜೆಯ ಹೊತ್ತಿಗೆ ಎಲ್ಲವನ್ನೂ ಮತ್ತೆ ಜೋಡಿಸಿ, ಹೊಟ್ಟೆಯ ಆಪರೇಷನ್ ಮುಗಿಸಿದ ಡಾಕ್ಟರನ ಗತ್ತಿನಲ್ಲಿ ಕೈ ತೊಳೆದುಕೊಂಡ.

ಗುರುವಾರ ರುಕ್ಮವ್ವನ ಮೊಣಕಾಲು ತೋರಿಸಲು ಇಬ್ಬರೂ ಚಿಕ್ಕೋಡಿಗೆ ಹೊರಟರು. ಊರು ದಾಟುವ ಮೊದಲೇ ವ್ಯಾನು ಮಿಸ್ ಹೊಡೆಯತೊಡಗಿತು. ಡುರ್ರ್ ಎನ್ನುವುದು, ಡುಕ್ ಎಂದು ಬಿಕ್ಕುವುದು. ಹೋಗಿಬರುವಷ್ಟರಲ್ಲಿ ಇಬ್ಬರ ತಲೆಯೂ ಕೋಳಿಯ ತಲೆಯಂತೆ ಹಿಂದೆ ಮುಂದೆ ಆಡಿ ಆಡಿ ಸಾಕಾಯಿತು. ಮರುದಿನ ಧರೆಪ್ಪ ಒಬ್ಬನೇ ತೋಟಕ್ಕೆ ಹೋದಾಗ ಅದೇ ವ್ಯಾನು ಬೆಣ್ಣೆಯಂತೆ ಓಡಿತು.

ಅವನು ಪ್ಲಗ್ ಬದಲಿಸಿದ. ಕಾರ್ಬುರೇಟರ್ ತೊಳೆದ. ಪೆಟ್ರೋಲಿನಲ್ಲಿ ನೀರಿದೆ ಎಂದು ಅನುಮಾನಿಸಿ ಬಂಕನ್ನೇ ಬದಲಿಸಿದ. ಡಾಕ್ಟರು ವಾರವಾರ ಬರಹೇಳಿದ್ದರು; ಮುಂದಿನ ಗುರುವಾರ ಬಂತು, ಮತ್ತೆ ಡುಕ್. ಕೊನೆಗೆ ಶಪಥ ನುಂಗಿಕೊಂಡು ಮೆಕ್ಯಾನಿಕ್ ಭರಮುವಿನ ಗ್ಯಾರೇಜಿಗೆ ಹೋದ. ಕಬ್ಬಿನ ಜಲ್ಲೆಯಷ್ಟು ತೆಳ್ಳಗಿದ್ದ ಭರಮು ಪಕ್ಕದಲ್ಲಿ ಕೂತು ಎರಡು ಸುತ್ತು ಹೊಡೆಸಿದ. ಒಂದು ಬಿಕ್ಕೂ ಇಲ್ಲ.

"ಕಾಕಾ, ಗಾಡಿಗೇನೂ ಆಗಿಲ್ರಿ. ನಿಮಗ ಭಾಸ ಆಗಾಕತ್ತೈತಿ."

ನಾಲ್ಕನೆಯ ಗುರುವಾರ ಏರಿನ ನಡುವೆ ವ್ಯಾನು ಕೆಮ್ಮಿದಾಗ ಧರೆಪ್ಪನ ಬಾಯಿ ಜಾರಿತು. "ನಾ ಒಬ್ಬನ ಇದ್ದಾಗ ಚಂದ ಓಡತೈತಿ. ನೀ ಕಾಲಿಟ್ಟ ಕೂಡಲೆ ಇದಕ್ಕ ಏನಾಗತೈತೋ."

ಅರ್ಧ ತಮಾಷೆಗೆ ಆಡಿದ ಮಾತು. ಆದರೆ ಇನ್ನರ್ಧವೂ ರುಕ್ಮವ್ವನಿಗೆ ಕೇಳಿಸಿತು. ಅವಳು ಹೊರಗೆ ನೋಡುತ್ತಲೇ ಕೇಳಿದಳು.

"ಇಪ್ಪತ್ತೆಂಟ ವರ್ಷ ಆತು ನಿಮ್ಮ ಮನಿಯಾಗ ಕಾಲಿಟ್ಟು. ಮನಿ ಏನ್ ಮಿಸ್ ಹೊಡದಿಲ್ಲಲ್ರಿ?"

ಮುಂದಿನ ವಾರದಿಂದ ಅವಳು ನೆರೆಮನೆಯ ಶೇವಂತಾಳ ಜೊತೆ ಬಸ್ಸು ಹಿಡಿದಳು. ಧರೆಪ್ಪ ಪಾನ್ ಅಂಗಡಿಯ ಮರೆಯಿಂದ ನೋಡಿದ. ಬಸ್ಸಿನ ಮೆಟ್ಟಿಲು ಎತ್ತರ. ರುಕ್ಮವ್ವ ಒಂದು ಕೈಯಲ್ಲಿ ಸರಳು, ಇನ್ನೊಂದರಲ್ಲಿ ಮೊಣಕಾಲು ಹಿಡಿದುಕೊಂಡು ಏರಲು ಹೆಣಗುತ್ತಿದ್ದಳು; ಶೇವಂತಾ ಹಿಂದಿನಿಂದ ನೂಕುತ್ತಿದ್ದಳು. ಅವನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವತ್ತು ಅವನೊಬ್ಬನೇ ರಾಯಬಾಗಕ್ಕೆ ಹೋಗಿಬಂದ. ವ್ಯಾನು ದಾರಿಯುದ್ದಕ್ಕೂ ಹಾಡಿತು. ಆ ಹಾಡು ಅವನಿಗೆ ಹಿಡಿಸಲಿಲ್ಲ. ಬರುವಾಗ ಹುರಿದ ಶೇಂಗಾ ಕೊಂಡು, ರೂಢಿಯಂತೆ ಎಡಕ್ಕೆ ಕೈ ಚಾಚಿದ. ತೆಗೆದುಕೊಳ್ಳುವವರಿರಲಿಲ್ಲ. ಶೇಂಗಾ ಸೀಟಿನ ಮೇಲೆ ಉರುಳಿದವು.

ಮತ್ತೊಂದು ಗುರುವಾರ ಬೆಳಿಗ್ಗೆ ಅವನು ಮತ್ತೆ ಗ್ಯಾರೇಜಿನ ಮುಂದೆ ನಿಂತ. "ಭರಮು, ಇವತ್ತ ನೀ ಓಡಸು. ನಾ ಸುಮ್ಮನ ಕುಂತು ಕಿವಿ ಕೊಟ್ಟು ಕೇಳತೀನಿ."

ಹೀಗೆ ಧರೆಪ್ಪ ಮೊಟ್ಟಮೊದಲ ಸಲ ತನ್ನ ವ್ಯಾನಿನ ಎಡಗಡೆ ಸೀಟಿನಲ್ಲಿ ಕೂತ. ವ್ಯಾನು ನಾಲ್ಕು ಹೆಜ್ಜೆಗೊಮ್ಮೆ ಬಿಕ್ಕುತ್ತ ಬಂದು, ಸರಿಯಾಗಿ ಬಸ್‌ಸ್ಟ್ಯಾಂಡಿನ ಎದುರು ಉಸಿರು ಬಿಟ್ಟಿತು. ಅಲ್ಲಿ ರುಕ್ಮವ್ವ, ಶೇವಂತಾ ಸೇರಿ ಅರ್ಧ ಊರು ಬಸ್ಸಿಗೆ ಕಾಯುತ್ತಿತ್ತು.

"ಇಳೀರಿ ಕಾಕಾ," ಎಂದ ಭರಮು. ಧರೆಪ್ಪ ಇಳಿದ. ಭರಮು ಕೀಲಿ ತಿರುವಿದ. ಎಂಜಿನ್ನು ಜೇನುನೊಣದಂತೆ ಗುಂಯ್‌ಗುಟ್ಟಿತು.

"ಹತ್ರಿ." ಹತ್ತಿದ. ಬಂದ್ ಆಯಿತು.

ಮೂರು ಸಲ ಇಳಿದು ಹತ್ತುವಷ್ಟರಲ್ಲಿ ಜನ ಬಸ್ಸನ್ನೇ ಮರೆತಿದ್ದರು. ರುಕ್ಮವ್ವ ಶಾಂತವಾಗಿ ಹೇಳಿದಳು. "ನಾ ಕುಂತ್ರ ಬರೇ ಮಿಸ್ ಹೊಡೀತಿತ್ತ. ನೀವು ಕುಂತ್ರ ಜೀವಾನ ಬಿಟ್ಟತಲ್ರಿ."

ಭರಮು ಸೀಟು ಎತ್ತಿದ. ಸೀಟಿನ ಕಬ್ಬಿಣದ ಚೌಕಟ್ಟು ಪ್ಲಗ್ಗಿನ ವೈರಿನ ಮೇಲೆ ಕೂತು ಸಿಪ್ಪೆ ಸುಲಿದಿತ್ತು. ಮೇಲೆ ಭರಮುವಿನಂಥ ಹಗುರ ಆಳಿಗಿಂತ ಹೆಚ್ಚಿನ ತೂಕ ಬಿದ್ದಾಗಲೆಲ್ಲ ಕಿಡಿ ಪ್ಲಗ್ಗಿಗೆ ಹೋಗದೆ ಕಬ್ಬಿಣಕ್ಕೆ ಹಾರುತ್ತಿತ್ತು.

"ಸೀಟಿನ ಬುಡದಾಗಿನ ರಬ್ಬರ ಯಾರ ತಗದಾರ್ರಿ ಕಾಕಾ?"

ಹಳೆಯದಾಗಿ ಕಂಡಿತೆಂದು ಯುಗಾದಿಯ ಮರುದಿನ ತಾನೇ ಕಿತ್ತು ತಿಪ್ಪೆಗೆ ಎಸೆದದ್ದು ಧರೆಪ್ಪನಿಗೆ ನೆನಪಾಯಿತು. ನೆಲ ನೋಡುತ್ತ "ನಾನ" ಎಂದ. ಆಮೇಲೆ, ಎಲ್ಲರಿಗೂ ಕೇಳುವಂತೆ, "ನಂದ ತಪ್ಪಾತು, ರುಕ್ಮವ್ವಾ. ಗಾಡೀದೂ, ಆ ಮಾತಿಂದೂ. ಬಾ, ಕೂಡು."

ಭರಮು ವೈರಿಗೆ ಟೇಪು ಸುತ್ತಿ, ಹಳೆಯ ಟ್ಯೂಬಿನ ತುಂಡುಗಳನ್ನು ಸೀಟಿನ ಕೆಳಗಿಟ್ಟ. ರುಕ್ಮವ್ವ ಹತ್ತಿ ಕೂತಳು. ಶೇವಂತಾ ಹಿಂದೆ ಏರಿದಳು. ಧರೆಪ್ಪ ಸ್ಟಿಯರಿಂಗ್ ಕಡೆಗೆ ನಡೆದ.

"ಭರಮು, ನೀನ ಓಡಸ್ಪಾ," ಎಂದಳು ರುಕ್ಮವ್ವ. "ಚಿಕ್ಕೋಡಿ ಮುಟ್ಟೂದ್ರಾಗ ಇವರು ಮತ್ತ ಏನರೆ ರಿಪೇರಿ ಮಾಡ್ಯಾರು."

ಧರೆಪ್ಪನನ್ನು ರಸ್ತೆಯಲ್ಲೇ ಬಿಟ್ಟು ವ್ಯಾನು ನಯವಾಗಿ ಹೊರಟುಹೋಯಿತು. ಅದರ ಹಿಂದೆಯೇ ಬಂದ ಬಸ್ಸಿಗೆ ಧರೆಪ್ಪ ಹತ್ತಿದ.

"ಎಲ್ಲಿಗ್ರೀ ಯಜಮಾನ್ರ?" ಕಂಡಕ್ಟರ್ ಕೇಳಿದ.

ಧರೆಪ್ಪ ಮುಂದೆ ಓಡುತ್ತಿದ್ದ ವ್ಯಾನಿನ ಕಡೆ ಬೆರಳು ತೋರಿಸಿದ. "ಅದು ಎಲ್ಲಿ ನಿಲ್ಲತೈತಿ, ಅಲ್ಲಿಗೊಂದು ಕೊಡ್ರಿ."