ಬೀಗರಿಗೆ ಬಿದ್ದ ಚಪ್ಪಾಳೆ

ಜನ ಸೇರಿಸುವುದು ಕಷ್ಟದ ಕೆಲಸವಲ್ಲ ಎಂದು ತಿಳಿದವರಲ್ಲಿ ನಾನೂ ಒಬ್ಬನಾಗಿದ್ದೆ. ಬೀದರಿನ ಪೇಟೆಯಲ್ಲಿ ಯಾರದಾದರೂ ಸೈಕಲ್ಲಿನ ಚೈನು ಕಳಚಿದರೆ ಸಾಕು, ಸರಿಮಾಡುವವನೊಬ್ಬ, ಸಲಹೆ ಕೊಡುವವರು ನಾಲ್ವರು, ಆ ಸಲಹೆ ತಪ್ಪೆನ್ನುವವರು ಎಂಟು ಮಂದಿ ಬಂದು ನಿಲ್ಲುತ್ತಾರೆ. ಅವರನ್ನು ಯಾರೂ ಕರೆದಿರುವುದಿಲ್ಲ. ಕರೆದು ಸೇರಿಸುವುದು ಬೇರೆಯೇ ವಿದ್ಯೆ. ಕರೆಸಿಕೊಂಡು ಬಂದವರು ಬರಿಗೈಯಲ್ಲಿ ಬರುವುದಿಲ್ಲ, ತಮ್ಮ ರೀತಿ ರಿವಾಜುಗಳನ್ನೂ ಗಂಟು ಕಟ್ಟಿಕೊಂಡು ಬರುತ್ತಾರೆ. ಇದು ನನಗೆ ತಿಳಿಯಲು ಒಂದು ಬಾಸ್ಕೆಟ್‌ಬಾಲ್ ಪಂದ್ಯವೇ ನಡೆಯಬೇಕಾಯಿತು.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಬೀದರಿನ ಒಂದು ಕಾಲೇಜಿನಲ್ಲಿ ಗುಮಾಸ್ತನಾಗಿದ್ದೆ. ಸಾಲೆಯಲ್ಲಿ ಓದಿದ್ದೆಲ್ಲ ಉರ್ದು. ಕನ್ನಡದ ಮಾತು ಬಂದದ್ದು ಅಜ್ಜಿಯ ಬಾಯಿಂದ, ಅಕ್ಷರ ಬಂದದ್ದು ಅಜ್ಜನ ಲಗ್ನಪತ್ರಿಕೆಗಳಿಂದ. ಮನೆಗೆ ಬಂದ ಪತ್ರಿಕೆಗಳನ್ನೆಲ್ಲ ಅಜ್ಜ ಒಂದು ತಂತಿಗೆ ಚುಚ್ಚಿ ಗೂಟಕ್ಕೆ ತೂಗುಹಾಕುತ್ತಿದ್ದರು. ಅದೇ ನನ್ನ ಅಂಕಲಿಪಿ. ಹೀಗಾಗಿ ಬೆಂಗಳೂರಿನಿಂದ ಕಚೇರಿಗೆ ಬರುತ್ತಿದ್ದ ಪತ್ರ ‘ತಮಗೆ ತಿಳಿಯಪಡಿಸುವುದೇನೆಂದರೆ’ ಎಂದು ಶುರುವಾದರೆ, ನನ್ನ ಕಣ್ಣು ತಾನಾಗಿ ಕೆಳಗೆ ಓಡಿ ಮುಹೂರ್ತ ಹುಡುಕುತ್ತಿತ್ತು. ಅಲ್ಲಿ ನೋಡಿದರೆ ಮುರಿದ ಬೆಂಚುಗಳ ವಿವರ ಕೇಳಿರುತ್ತಿದ್ದರು. ಆದರೂ ಕಚೇರಿಯಲ್ಲಿ ಕನ್ನಡ ಬರೆಯಬಲ್ಲವನು ನಾನೊಬ್ಬನೇ ಆದ್ದರಿಂದ ಪಂಡಿತನೆಂಬ ಹೆಸರು ಬಂದಿತ್ತು. ಬಂದ ಹೆಸರನ್ನು ಬೇಡವೆನ್ನುವ ಸ್ವಭಾವ ನನ್ನದಲ್ಲ.

ಕಾಲೇಜಿನ ಆಟದ ಮಾಸ್ತರರು ಮಾಣಿಕರಾವ್, ಔರಾದಿನವರು. ಅವರ ಮನೆಯಲ್ಲಿ ಮರಾಠಿಯೂ ಕನ್ನಡವೂ ಒಂದೇ ಒಲೆಯ ಮೇಲೆ ಕುದಿಯುತ್ತಿದ್ದವು. ಹುಡುಗರನ್ನು ಬೈಯುವಾಗ ಮರಾಠಿ, ಹೊಗಳುವಾಗ ಕನ್ನಡ. ಹುಡುಗರ ಮರಾಠಿ ಬಹಳ ಸುಧಾರಿಸಿತ್ತು. ಎತ್ತಿನಗಾಡಿಯ ಗಾಲಿಗೆ ಪಟ್ಟಿ ಹೊಡೆಯುವ ಕಮ್ಮಾರನಿಂದ ಎರಡು ಕಬ್ಬಿಣದ ಬಳೆ ಮಾಡಿಸಿ, ಎರಡು ಕಂಬ ನೆಟ್ಟು, ಹೊಲದಿಂದ ಬಂದ ಹುಡುಗರಿಗೆ ಚೆಂಡು ಹಾಕುವುದನ್ನು ಕಲಿಸಿದ್ದರು. ನಮ್ಮ ಹುಡುಗರು ಗುಲ್ಬರ್ಗದಲ್ಲಿ ಗೆದ್ದರು, ಹೈದರಾಬಾದಿನಲ್ಲೂ ಗೆದ್ದು ಬಂದರು. ಆದರೆ ಬೀದರಿನಲ್ಲಿ ಪಂದ್ಯವಾದರೆ ನೋಡುವವರು ನಾನು, ನಮ್ಮ ಜವಾನ ಮತ್ತು ಮೈದಾನದಲ್ಲಿ ಮೇಯುವ ಆಡುಗಳು. ಆಡುಗಳೂ ಅರ್ಧ ಆಟಕ್ಕೆ ಎದ್ದು ಹೋಗುತ್ತಿದ್ದವು.

ಒಂದು ದಿನ ಪ್ರಿನ್ಸಿಪಾಲರು ಕರೆಸಿದರು. ಅವರು ಮೈಸೂರಿನ ಕಡೆಯಿಂದ ಹೊಸದಾಗಿ ಬಂದವರು, ಮೆತ್ತಗೆ ಮಾತಾಡುವವರು. “ನೋಡಿ, ಮಾಣಿಕರಾಯರನ್ನ ಉದಗೀರದ ಕಾಲೇಜಿನವರು ಕರೀತಿದಾರಂತೆ. ಇಂಥ ಮೇಷ್ಟ್ರು ಮತ್ತೆ ಸಿಗಲ್ಲ. ನಿಮ್ಮ ಮಾತು ಕೇಳ್ತಾರೆ. ಹೇಗಾದ್ರೂ ಉಳಿಸ್ಕೊಳ್ಳಿ” ಎಂದರು. ಉದಗೀರ ಮೊನ್ನೆ ಮೊನ್ನೆಯವರೆಗೆ ನಮ್ಮದೇ ಜಿಲ್ಲೆಯ ಊರು. ಈಗ ಗಡಿಯ ಆಚೆ ಹೋಗಿ ಮುಂಬಯಿ ರಾಜ್ಯವಾಗಿತ್ತು.

ನಾನು ಮಾಸ್ತರರನ್ನು ಚಹಾಕ್ಕೆ ಕರೆದುಕೊಂಡು ಹೋದೆ. ಪಗಾರ ಕಡಿಮೆಯಾಯಿತೇ ಎಂದು ಕೇಳಿದೆ.

“ಪಗಾರದ ಮಾತಲ್ರಿ ಗುಮಾಸ್ತರ” ಎಂದರು. “ನಾ ಇಷ್ಟು ವರ್ಷ ಆಡಿಸೀನಿ. ನಮ್ಮ ಊರಾಗ ಒಬ್ಬರ ಚಪ್ಪಾಳಿ ಕೇಳಿಲ್ರಿ. ಉದಗೀರದಾಗ ಮಂದಿ ಗಿಡ ಹತ್ತಿ ನೋಡ್ತಾರ.”

“ಮಂದಿ ಬಂದ್ರ ಇರ್ತೀರೇನ್ರಿ?”

“ಬಂದು ಚಪ್ಪಾಳಿ ಹೊಡದ್ರ ಸಾಯೋತನ ಇಲ್ಲೇ ಇರ್ತೇನಿ. ಬರೋ ಐತವಾರ ಉದಗೀರದ ಟೀಮೇ ಇಲ್ಲಿಗಿ ಬರ್ಲಕತ್ತದ. ಅವರ ಮಾಸ್ತರಿಗಿ ಅವತ್ತೇ ನನ್ನ ಜವಾಬು ಕೊಡಬೇಕ್ರಿ.”

ಇಷ್ಟೇ ತಾನೆ ಎಂದುಕೊಂಡೆ. ಅಂದೇ ಒಂದು ಕರಪತ್ರ ಬರೆದೆ. ನನಗೆ ಗೊತ್ತಿದ್ದ ಆಮಂತ್ರಣ ಒಂದೇ ಬಗೆಯದು. “ಉದಗೀರದಿಂದ ಬರಲಿರುವ ಚಿರಂಜೀವಿಗಳೊಂದಿಗೆ ನಮ್ಮ ಕಾಲೇಜಿನ ಚಿರಂಜೀವಿಗಳ ಚೆಂಡಿನಾಟವನ್ನು ಗುರುಹಿರಿಯರು ನಿಶ್ಚಯಿಸಿದ್ದಾರೆ. ತಾವು ಸಹಕುಟುಂಬ ಸಹಪರಿವಾರ ಆಗಮಿಸಿ, ಬಂದವರಿಗೆ ಯಾವ ಮಾತಿನಲ್ಲೂ ಕಡಿಮೆಯಾಗದಂತೆ ನಡೆದುಕೊಂಡು ಕಾರ್ಯವನ್ನು ಚಂದಗಾಣಿಸಿಕೊಡಬೇಕು.” ಪ್ರಿನ್ಸಿಪಾಲರು ಎರಡು ಸಲ ಓದಿ, “ಭಾಷೆ ಬಹಳ ಗೌರವವಾಗಿದೆ” ಎಂದು ಸಹಿ ಹಾಕಿದರು. ಭಾಲ್ಕಿಯಲ್ಲಿ ತೊಗರಿಯ ವ್ಯಾಪಾರ ಮಾಡುವ ನನ್ನ ಸೋದರಮಾವ ಗುರಪ್ಪನಿಗೆ ಒಂದು ಕಟ್ಟು ಕಳಿಸಿದೆ. ಬಗದಲ ಎಂಬ ಹಳ್ಳಿಯಲ್ಲಿದ್ದ ಅವ್ವನ ತಂಗಿ, ನಮ್ಮ ಚಿಗವ್ವನಿಗೂ ಒಂದು ಕಟ್ಟು ಹೋಯಿತು. ನಮ್ಮ ಟೀಮಿನ ಎತ್ತರದ ಆಟಗಾರ ಧೂಳಪ್ಪ ತನ್ನ ಊರು ಜನವಾಡದಲ್ಲಿ ಮನೆಮನೆಗೆ ಹಂಚಿ ಬಂದ.

ಐತವಾರ ಮಧ್ಯಾಹ್ನ ನಾನು ಮೈದಾನಕ್ಕೆ ಹೋದಾಗ ನನ್ನ ಕಣ್ಣನ್ನು ನನಗೇ ನಂಬಲಾಗಲಿಲ್ಲ. ಚಕ್ಕಡಿಗಳು, ರುಮಾಲುಗಳು, ಇಳಕಲ್ ಸೀರೆಗಳು. ಮಾಣಿಕರಾಯರು ಹೊಸ ಬಿಳಿ ಪ್ಯಾಂಟು ಹಾಕಿಕೊಂಡು, ಜನರನ್ನು ನೋಡಿಯೂ ನೋಡದವರ ಹಾಗೆ ಸೀಟಿಯನ್ನು ಒರೆಸುತ್ತಿದ್ದರು. ಅವರ ಕಿವಿ ಕೆಂಪಾಗಿತ್ತು. ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿದರು. ನನ್ನ ಜೀವನದಲ್ಲಿ ಮೇಲಧಿಕಾರಿಯೊಬ್ಬರು ಬೆನ್ನು ತಟ್ಟಿದ್ದು ಅದೊಂದೇ ಸಲ. ಅದೂ ಅರ್ಧ ಗಂಟೆ ಮೊದಲೇ ಆಯಿತು.

ರೈಲು ಬಂತು. ಗುರಪ್ಪಮಾವ ಮೂವತ್ತು ಮಂದಿಯೊಡನೆ ಬಂದ. ಅವರ ನಡುವೆ ನಗುತ್ತ ನಗುತ್ತ ಬಂದವರು ಉದಗೀರದ ಟೀಮಿನ ಹುಡುಗರು. ಉದಗೀರದ ರೈಲು ಭಾಲ್ಕಿಯ ಮೇಲೇ ಬರಬೇಕಲ್ಲ, ಎಲ್ಲರೂ ಒಂದೇ ಡಬ್ಬಿಯಲ್ಲಿ ಕೂತಿದ್ದರು.

“ಅಳಿಯಾ, ಭಾಳ ಚಲೋ ಹುಡುಗರಪಾ” ಎಂದ ಮಾವ. “ಬುತ್ತಿ ಬಿಚ್ಚಿದ್ವಿ, ಕೂಡಿ ಉಂಡ್ವಿ. ಅವರ ಕಪ್ತಾನ ನಮ್ಮ ಹಿರಿ ಸೊಸಿ ತವರೂರವ ಅಂತ. ಹ್ಯಾಂಗ ಬಂತು ನೋಡು ಸಂಬಂಧ.”

ನನಗೆ ಆಗಲೇ ಎದೆಯಲ್ಲಿ ಏನೋ ಚುಚ್ಚಿತು. ಆಟಕ್ಕೆ ಮೊದಲು ಮಾವ ಅಂಗಳದ ನಡುವೆ ಹೋಗಿ ಉದಗೀರದ ಕಪ್ತಾನನಿಗೆ ತೆಂಗಿನಕಾಯಿ ಕೊಟ್ಟು ಶಲ್ಯ ಹೊದಿಸಿದಾಗ ಅದು ಪೂರ್ತಿ ಒಳಗೆ ಹೋಯಿತು. ಹುಡುಗ ಬಗ್ಗಿ ಕಾಲು ಮುಟ್ಟಿದ. ಹೆಂಗಸರೆಲ್ಲ “ಎಷ್ಟು ಮರ್ಯಾದಿ ನೋಡವ್ವ” ಎಂದರು.

ಆಟ ಶುರುವಾಯಿತು. ಧೂಳಪ್ಪ ಮೊದಲ ಚೆಂಡನ್ನು ಬಳೆಗೆ ತೂರಿಸಿದ. ಇಡೀ ಮೈದಾನ ಮೌನ. ಉದಗೀರದವನು ಒಂದು ಹಾಕಿದ. ಚಪ್ಪಾಳೆಗೆ ಗಿಡದ ಮೇಲಿನ ಹಕ್ಕಿಗಳು ಎದ್ದವು. ಅವರ ಗುರಿ ತಪ್ಪಿದರೆ ಜನ ‘ಛೇ ಛೇ’ ಎಂದು ಮರುಗುತ್ತಿದ್ದರು. ಧೂಳಪ್ಪ ಮತ್ತೆ ಎರಡು ಹಾಕಿದಾಗ ನನ್ನ ಹಿಂದೆ ಕುಳಿತ ಮುದುಕರೊಬ್ಬರು, “ಈ ಹುಡುಗ ಜರಾ ಆಸಿಬುರಕ ಅದಾನ” ಎಂದರು. ನಾನು ಮಾವನ ಹತ್ತಿರ ಓಡಿದೆ.

“ಮಾವಾ, ನಮ್ಮವರಿಗಿ ಹೊಡೀರಿ ಚಪ್ಪಾಳಿ.”

“ನಮ್ಮವರಿಗಿ ನಾವೇ ಹೊಡಕೊಂಡ್ರ ನೋಡಿದವ್ರು ಏನಂತಾರೋ? ಬಂದವರಿಗಿ ಕಡಿಮಿ ಮಾಡಬ್ಯಾಡ್ರಿ ಅಂತ ನೀನೇ ಬರದಿ. ಕಾಗದ ಅಂಗಿ ಬಕಣದಾಗ ಅದ, ತೋರಸ್ಲಾ?”

ಅಷ್ಟರಲ್ಲಿ ಧೂಳಪ್ಪ ಎದುರಾಳಿಯ ಕೈಯಿಂದ ಚೆಂಡು ಕಸಿದುಕೊಂಡ. ಬಗದಲಿನ ಚಿಗವ್ವ ಎದ್ದು ನಿಂತಳು. “ಏ ಧೂಳಪ್ಪ, ನಿಮ್ಮವ್ವಗ ಹೇಳ್ತೇನಿ ನೋಡು. ಮನಿಗಿ ಬಂದವರ ಕೈಯಾಗಿಂದು ಕಸ್ಕೋತಾರೇನೋ?” ಆಚೆಯಿಂದ ಮಾಣಿಕರಾಯರು ಕಸಿದುಕೋ ಎಂದು ಮರಾಠಿಯಲ್ಲಿ ಕೂಗುತ್ತಿದ್ದರು, ಈಚೆಯಿಂದ ಚಿಗವ್ವ ಕೊಟ್ಟುಬಿಡು ಎನ್ನುತ್ತಿದ್ದಳು. ಧೂಳಪ್ಪ ಎರಡು ಕಡೆ ನೋಡಿದ. ಒಳ್ಳೆಯ ಮನೆತನದ ಹುಡುಗ, ಕೊಟ್ಟುಬಿಟ್ಟ. ಅಲ್ಲಿಂದ ಮುಂದೆ ನಮ್ಮ ಹುಡುಗರು ಬೀಗರಿಗೆ ಬಡಿಸುವವರ ಹಾಗೆ ಆಡಿದರು. ಒಂದೇ ಒಂದು ಬುಟ್ಟಿಯ ಅಂತರದಲ್ಲಿ ಸೋತೆವು. ಜನ ಮಾತ್ರ ಬಹಳ ಸಂತೋಷದಿಂದ, ಕಾರ್ಯ ಚಲೋ ಆಯಿತು ಎಂದು ನನಗೆ ಕೈಮುಗಿದು ಹೋದರು.

ಮಾಣಿಕರಾಯರು ಕಂಬಕ್ಕೆ ಒರಗಿ ಕೂತಿದ್ದರು. ಉದಗೀರದ ಮಾಸ್ತರರು ದೂರದಲ್ಲಿ ಜವಾಬಿಗೆ ಕಾಯುತ್ತಿದ್ದರು. ನಾನು ಪಕ್ಕದಲ್ಲಿ ಕೂತು, “ತಪ್ಪು ನಂದೇರಿ” ಎಂದೆ.

“ನಿಮ್ಮ ತಪ್ಪಿಲ್ರಿ. ಅವರ್ದೂ ತಪ್ಪಿಲ್ಲ. ನಾ ಅದೇ ಮಂದಿಯಾಗಿನವ, ನನಗ ತಿಳೀತದ.” ಅವರೇ ನಕ್ಕರು. “ಆದ್ರ ಗುಮಾಸ್ತರ, ಇಲ್ಲಿ ಇದ್ರ ನಾ ಮನಿ ಮಗ. ಮನಿ ಮಗ ಉಂಡ್ರ ಯಾರಾದ್ರೂ ಚಪ್ಪಾಳಿ ಹೊಡೀತಾರೇನ್ರಿ? ಅದಕ್ಕ ನಾ ಬೀಗ ಆಗಿ ಬರ್ತೇನಿ.”

ಅವರು ಎದ್ದು, ಪ್ಯಾಂಟಿನ ಧೂಳು ಜಾಡಿಸಿ, ಉದಗೀರದ ಮಾಸ್ತರರ ಕಡೆ ನಡೆದರು.

ಮರುವರ್ಷ ಉದಗೀರದ ಟೀಮು ಬಂತು, ಮುಂದೆ ಮಾಣಿಕರಾಯರು. ಆ ಸಲ ಯಾರೂ ಕರಪತ್ರ ಬರೆದಿರಲಿಲ್ಲ. ನನ್ನ ಕೈಗೆ ಕಾಗದ ಕೊಡಬಾರದೆಂದು ಪ್ರಿನ್ಸಿಪಾಲರ ಅಪ್ಪಣೆಯಾಗಿತ್ತು. ಆದರೂ ಔರಾದಿನಿಂದ ಬಸ್ಸಿನ ಮೇಲೆ ಕೂತು ಬಂದಿದ್ದರು ಜನ. ಮಾಸ್ತರರು ಅಂಗಳಕ್ಕೆ ಕಾಲಿಟ್ಟಾಗ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ. ಅವರು ಕರವಸ್ತ್ರದಿಂದ ಮುಖ ಒರೆಸಿಕೊಂಡರು, ಬೆವರು ಬರುವಷ್ಟು ಬಿಸಿಲೇನೂ ಇರಲಿಲ್ಲ. ಆಟದುದ್ದಕ್ಕೂ ಉದಗೀರದವರು ಹಾಕಿದ ಪ್ರತಿ ಚೆಂಡಿಗೂ ಮೈದಾನ ಗುಡುಗಿತು.

ಪಕ್ಕದಲ್ಲಿದ್ದ ಪ್ರಿನ್ಸಿಪಾಲರು ಬಹಳ ಹೊತ್ತು ನನ್ನನ್ನೇ ನೋಡುತ್ತಿದ್ದು, ತಮ್ಮ ಮೆತ್ತನೆಯ ದನಿಯಲ್ಲಿ ಕೇಳಿದರು: “ನೀವು ಸಂಬಳ ತಗೊಳ್ಳೋದು ಯಾವ ಕಾಲೇಜಿಂದ?”

ಆಗ ಕೆಳಗೆ ನೋಡಿಕೊಂಡೆ. ನನ್ನ ಎರಡೂ ಅಂಗೈ ಕೆಂಪಾಗಿ ಉರಿಯುತ್ತಿದ್ದವು.