‘ದಯವಿಟ್ಟು ಕಾಯಿರಿ’ ಎನ್ನುವ ನೀರಿನ ಯಂತ್ರದ ಸನ್ನಿಧಿಗೆ

ಮಾನ್ಯ ಯಂತ್ರದವರೇ,

ನಮ್ಮ ಬೀದಿಯ ಕೊಳವೆಬಾವಿಯ ಪಕ್ಕ ತಗಡಿನ ಸೂರಿನಡಿ ನೀಲಿ ಬಣ್ಣ ಬಳಿದುಕೊಂಡು ವಿರಾಜಮಾನರಾಗಿರುವ, ಶುದ್ಧ ನೀರು ಕೊಡಲೆಂದೇ ಅವತರಿಸಿರುವ ತಮಗೆ ಎದುರಂಗಡಿಯ ಟೈಲರ್ ಮಾಡುವ ದೀರ್ಘದಂಡ ನಮಸ್ಕಾರಗಳು. ತಾವು ಕ್ಷೇಮವೆಂದು ಬಲ್ಲೆ. ತಮ್ಮ ಧ್ವನಿ ದಿನವಿಡೀ ನನ್ನ ಹೊಲಿಗೆ ಯಂತ್ರದ ಸದ್ದನ್ನೂ ಮೀರಿ ಕೇಳಿಸುತ್ತಿರುತ್ತದೆ.

ಕೊಳವೆಬಾವಿಯ ನೀರಿನಲ್ಲಿ ಸೀಸ ಬೆರೆತಿದೆಯೆಂದು ಇಲಾಖೆಯವರು ಬಂದು ಹೇಳಿದ ದಿನ ನಮ್ಮ ಬೀದಿಯವರು ಅಷ್ಟೇನೂ ಘನತೆಯಿಂದ ನಡೆದುಕೊಳ್ಳಲಿಲ್ಲ. ಮೂಲೆಯ ಗುಜರಿಯವನು ಕೊಡಕ್ಕೆ ಎಷ್ಟು ಸೀಸ ಸಿಗಬಹುದೆಂದು ವಿಚಾರಿಸಿದ. ನನ್ನ ಹೆಂಡತಿಯಂತೂ, ಬಿದ್ದ ಸೂಜಿ ಹೆಕ್ಕಲು ನಾನಿಟ್ಟುಕೊಂಡಿರುವ ಅಯಸ್ಕಾಂತಕ್ಕೆ ದಾರ ಕಟ್ಟಿ ಕೊಡದೊಳಗೆ ಇಳಿಬಿಟ್ಟು, ಸ್ವಲ್ಪ ಹೊತ್ತು ಕಾದು ಮೇಲೆತ್ತಿ, ಏನೂ ಅಂಟಿಲ್ವಲ್ರೀ, ಅವರಿಗೆ ಬೇರೆ ಕೆಲಸ ಇಲ್ವಾ ಎಂದು ನನ್ನನ್ನೇ ದಬಾಯಿಸಿದಳು. ಸೀಸ ಅಯಸ್ಕಾಂತಕ್ಕೆ ಅಂಟೋದಿಲ್ಲ ಕಣೇ ಎಂದರೆ, ನೀವು ಸುಮ್ನೆ ಗುಂಡಿ ಹಚ್ಚಿ ಎಂದಳು. ಆಮೇಲೆ ನೀರನ್ನು ಅರ್ಧಕ್ಕರ್ಧ ಇಂಗುವಷ್ಟು ಕುದಿಸತೊಡಗಿದಳು. ಕುದಿಸಿದರೆ ನೀರು ಹೋಗುತ್ತದೆ, ಸೀಸ ಅಲ್ಲೇ ಕೂತಿರುತ್ತದೆಂದು ಸೊಸೆಯನ್ನು ನೋಡುವ ಡಾಕ್ಟರಮ್ಮ ಗದರಿದ ಮೇಲೆಯೇ ಆ ಒಲೆ ಆರಿದ್ದು.

ಹೌದು, ಸೊಸೆಗೀಗ ಏಳು ತಿಂಗಳು. ಈ ನೀರು ಹೊಟ್ಟೆಯಲ್ಲಿರುವ ಕೂಸಿನ ಬುದ್ಧಿಗೇ ಕುತ್ತು, ಒಂದು ಗುಟುಕೂ ಕೊಡಬೇಡಿ ಎಂದಿದ್ದಾರೆ ಡಾಕ್ಟರಮ್ಮ. ಮಾನ್ಯರೇ, ನನಗೆ ಹೆದರಿಕೆಯಾಗಿದೆ. ಆದ್ದರಿಂದಲೇ ತಾವು ಬಂದ ದಿನ ಬಿಂದಿಗೆ ಹಿಡಿದು ಎಲ್ಲರಿಗಿಂತ ಮೊದಲು ನಿಂತವನು ನಾನು. ಗುಂಡಿ ಒತ್ತಿದೆ. ‘ಶುದ್ಧ ನೀರು ಬರುತ್ತಿದೆ, ದಯವಿಟ್ಟು ಕಾಯಿರಿ’ ಎಂದಿರಿ. ಆಹಾ, ಎಂಥ ಕಂಠ, ಎಂಥ ವಿನಯ! ನನ್ನನ್ನು ಬಹುವಚನದಲ್ಲಿ ಮಾತನಾಡಿಸಿದ ಮೊದಲ ಸರ್ಕಾರಿ ಪ್ರಾಣಿ ತಾವು. ಅಂದಿನಿಂದ ಕಾಯುತ್ತಲೇ ಇದ್ದೇವೆ. ವಿಚಾರಿಸಿದರೆ, ಒಳಗಿನ ಫಿಲ್ಟರ್ ಇನ್ನೂ ಬಂದಿಲ್ಲ, ಧ್ವನಿ ಮಾತ್ರ ಮೊದಲೇ ಬಂತು ಎಂದರು ಇಲಾಖೆಯವರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವುದನ್ನು ಇಷ್ಟು ಹತ್ತಿರದಿಂದ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಸದ್ಯಕ್ಕೆ ಮಗ ಕೆಲಸಕ್ಕೆ ಹೋಗುವ ಮುನ್ನ ಊರಾಚೆಯಿಂದ ಸೈಕಲ್ಲಿಗೆ ಕ್ಯಾನು ಕಟ್ಟಿ ನೀರು ತರುತ್ತಾನೆ. ಅದು ಸೊಸೆಯೊಬ್ಬಳಿಗೇ ಸಾಲದು. ಅವಳೋ ಬಾಯಿಲ್ಲದವಳು, ಅತ್ತೆಮಾವನಿಗಿಲ್ಲದ್ದು ನನಗೇಕೆಂದು ಲೋಟ ಹಿಡಿದುಕೊಂಡು ಕೂರುತ್ತಾಳೆ. ನಮ್ಮ ಬುದ್ಧಿ ಬೆಳೆಯೋ ಕಾಲ ಮುಗೀತು, ನೀನು ಕುಡಿ ತಾಯಿ ಎಂದು ನಾನು ದಿನಾ ಗೋಗರೆಯಬೇಕು.

ಆದ್ದರಿಂದ ತಮ್ಮಲ್ಲೊಂದು ಬಿನ್ನಹ. ನೀರು ಕೊಡುವುದು ತಮ್ಮ ಘನತೆಗೆ ಕುಂದೆನಿಸಿದರೆ ಬೇಡ. ಅದೇ ಸವಿಗಂಠದಲ್ಲಿ ಆ ಕೂಸಿಗಾದರೂ, ಫಿಲ್ಟರ್ ಬರುವವರೆಗೆ ಹುಟ್ಟದೆ ದಯವಿಟ್ಟು ಕಾಯಿರಿ ಎಂದು ಒಂದು ಮಾತು ಹೇಳಿಬಿಡಿ. ನಮ್ಮ ಮಾತನ್ನು ಅದು ಕೇಳುವ ಹಾಗಿಲ್ಲ, ಈಗಲೇ ಒದೆಯುತ್ತಿದೆ.

ಬಿಂದಿಗೆ ಕೆಳಗಿಡದ
ತಮ್ಮ ವಿಶ್ವಾಸಿ,
ಎದುರಂಗಡಿಯ ಟೈಲರ್

ವಿ.ಸೂ.: ತಮ್ಮ ಯೋಗಕ್ಷೇಮ ವಿಚಾರಿಸಲು ಇಂದು ಇಲಾಖೆಯ ಸಾಹೇಬರು ಬಂದಿದ್ದಾರೆ. ಬಿಸಿಲಿಗೆ ಬಾಯಾರಿ ನಮ್ಮಂಗಡಿಯಲ್ಲಿ ನೀರು ಕೇಳಿದರು. ಕೊಳವೆಬಾವಿಯ ನೀರು ಕೊಟ್ಟರೆ, ಅಯ್ಯೋ ಇದು ಬೇಡ, ಶುದ್ಧ ನೀರು ಕೊಡಿ ಎಂದರು. ಆಗ ನಮ್ಮ ಬಾಯಿಲ್ಲದ ಸೊಸೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಬಾಗಿಲಿಗೆ ಬಂದು, ಥೇಟ್ ತಮ್ಮದೇ ಕಂಠದಲ್ಲಿ, ಶುದ್ಧ ನೀರು ಬರುತ್ತಿದೆ, ದಯವಿಟ್ಟು ಕಾಯಿರಿ ಎಂದಳು. ಸಾಹೇಬರು ಬೆಂಚಿನ ಮೇಲೆ ಕೂತು ಕಾಯುತ್ತಿದ್ದಾರೆ.